ಹಿಂಡಿ ತೂಗುವ ಯಂತ್ರ: ಮೆಕಟ್ರಾನಿಕ್ಸ್ ಪ್ರಾಜೆಕ್ಟನ್ನು ಒಬ್ಬರೇ ಮುಗಿಸುವುದು ಹೇಗೆ

ಪುಣೆಯ ಭೋಸರಿಯಲ್ಲಿ ನಮ್ಮ ಕಾಕು, ಅಂದರೆ ಚಿಕ್ಕಮ್ಮ, ಇದ್ದಾರೆ. ಊರು ಇಂಡಿ ಕಡೆ. ಮನೆಯಲ್ಲೇ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ ಮಾಡಿ ಮಾರುತ್ತಾರೆ. ಹಿಂಡಿ ಅಂದರೆ ರೊಟ್ಟಿ ಜೊತೆ ತಿನ್ನುವ ಚಟ್ನಿಪುಡಿ. ಸುತ್ತಲಿನ ಕಾರ್ಖಾನೆಗಳಲ್ಲಿ ದುಡಿಯುವ ವಿಜಯಪುರ, ಕಲಬುರಗಿ, ಸೊಲ್ಲಾಪುರ ಕಡೆಯ ಹುಡುಗರೇ ಗಿರಾಕಿಗಳು. ಹಿಂಡಿ 200 ಗ್ರಾಂ ಪೊಟ್ಟಣದಲ್ಲಿ ಹೋಗುತ್ತದೆ. ಒಂದು ಚಮಚ ಹಾಕು, ತಕ್ಕಡಿ ನೋಡು, ಅರ್ಧ ಚಮಚ ತೆಗಿ, ಮತ್ತೆ ನೋಡು. ನೂರು ಪೊಟ್ಟಣ ಕಟ್ಟುವಷ್ಟರಲ್ಲಿ ಮಧ್ಯಾಹ್ನ ಮುಗಿದು ಸಂಜೆಯಾಗುತ್ತಿತ್ತು.

ಕಾಲೇಜಿನ ಕೊನೆಯ ವರ್ಷದ ಪ್ರಾಜೆಕ್ಟಿಗೆ ವಿಷಯ ಸಿಗದೆ ನಾನು ಅವರ ಅಡುಗೆಮನೆಯಲ್ಲಿ ತಲೆ ಕೆರೆದುಕೊಳ್ಳುತ್ತಾ ಕೂತಿದ್ದೆ. ವಿಷಯ ಕಣ್ಣೆದುರಿಗೇ ಇತ್ತು. ಸಾಮಾನ್ಯವಾಗಿ ಮೂರು ನಾಲ್ಕು ಜನ ಸೇರಿ ಒಂದು ಪ್ರಾಜೆಕ್ಟ್ ಮಾಡುತ್ತಾರೆ. ನಾನು ಒಬ್ಬನೇ ಮಾಡುತ್ತೇನೆ ಅಂತ ಗೈಡ್ ಹತ್ತಿರ ಹಟ ಹಿಡಿದೆ. ಧೈರ್ಯ ಏನಿಲ್ಲ, ಗುಂಪಿನ ಜಗಳ ಬೇಡವಾಗಿತ್ತು ಅಷ್ಟೇ.

ಈಗ ಪ್ರತಿ ಜುಲೈನಲ್ಲಿ ಊರ ಕಡೆಯ ಒಬ್ಬಿಬ್ಬರು ಫೋನ್ ಮಾಡುತ್ತಾರೆ. "ಅಣ್ಣಾ, ಒಬ್ರೇ ಮಾಡಬಹುದಾ? ಎಲ್ಲಿಂದ ಶುರು ಮಾಡ್ಲಿ?" ಫೋನಿನಲ್ಲಿ ಹೇಳುವುದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ಸಂದುಗಳ ವಿದ್ಯೆ

ಮೆಕಟ್ರಾನಿಕ್ಸ್ ಅನ್ನುವ ಪದ ಹುಟ್ಟಿದ್ದು 1969ರಲ್ಲಿ. ಜಪಾನಿನ ಯಾಸ್ಕಾವಾ ಎಲೆಕ್ಟ್ರಿಕ್ ಕಂಪನಿಯ ಎಂಜಿನಿಯರ್ ಟೆಟ್ಸುರೊ ಮೋರಿ ಅದನ್ನು ಕಟ್ಟಿದರು. ಮೆಕ್ಯಾನಿಕಲ್‌ನ ತಲೆ, ಎಲೆಕ್ಟ್ರಾನಿಕ್ಸ್‌ನ ಬಾಲ. ಆಮೇಲೆ ಕಂಪ್ಯೂಟರ್ ಪ್ರೋಗ್ರಾಮೂ ಬಂದು ಸೇರಿಕೊಂಡಿತು. ಬಟ್ಟೆಯ ಭಾರ ಅಂದಾಜು ಮಾಡಿ ಅದಕ್ಕೆ ತಕ್ಕಷ್ಟು ನೀರು ಬಿಡುವ ವಾಷಿಂಗ್ ಮಷೀನ್ ಇದೆಯಲ್ಲ, ಅದು ಮೆಕಟ್ರಾನಿಕ್ಸ್. ಲೋಹ ತಿರುಗುತ್ತದೆ, ಸೆನ್ಸರ್ ನೋಡುತ್ತದೆ, ಚಿಪ್ ಯೋಚಿಸುತ್ತದೆ, ಮತ್ತೆ ಲೋಹ ತಿರುಗುತ್ತದೆ.

ಇಷ್ಟೆಲ್ಲ ವಿಷಯ ಒಬ್ಬರೇ ಕಲಿಯಬೇಕಲ್ಲ ಅಂತ ಜನ ಹೆದರುತ್ತಾರೆ. ಕಲಿಯಬಹುದು. ಮೋಟಾರ್ ತಿರುಗಿಸುವುದು ಒಂದು ಸಂಜೆಯ ಕೆಲಸ. ತೂಕ ಓದಿಸುವುದು ಇನ್ನೊಂದು ಸಂಜೆ. ತೊಂದರೆ ಇರುವುದು ಸಂದಿನಲ್ಲಿ. ಮೋಟಾರ್ ಸರಿ ಇರುತ್ತದೆ, ತಕ್ಕಡಿ ಸರಿ ಇರುತ್ತದೆ, ಕೋಡ್ ಸರಿ ಇರುತ್ತದೆ. ಮೂರನ್ನೂ ಸೇರಿಸಿದರೆ ಯಂತ್ರ ಕೈಕೊಡುತ್ತದೆ. ಗುಂಪಿನಲ್ಲಾದರೆ "ನಿನ್ನ ಮೋಟಾರಿಂದ ನನ್ನ ತಕ್ಕಡಿ ಹಾಳಾಯ್ತು" ಅಂತ ಜಗಳ ಆಗುತ್ತದೆ. ಆ ಜಗಳದಲ್ಲೇ ಸಂದು ಬಯಲಿಗೆ ಬರುತ್ತದೆ. ಒಬ್ಬರೇ ಇದ್ದಾಗ ಜಗಳಕ್ಕೂ ಯಾರೂ ಇಲ್ಲ. ನಮಗೆ ಯಾವ ಭಾಗ ಇಷ್ಟವೋ ಅದನ್ನೇ ತಿದ್ದಿ ತೀಡಿ ಕೂತುಬಿಡುತ್ತೇವೆ. ಕೋಡ್ ಪ್ರಿಯರು ಮೊಬೈಲ್ ಆ್ಯಪ್ ಮಾಡುತ್ತಾರೆ. ಡಿಸೈನ್ ಪ್ರಿಯರು ಕಂಪ್ಯೂಟರಿನಲ್ಲಿ ಚೆಂದದ ಮಾಡೆಲ್ ತಿರುಗಿಸುತ್ತಾರೆ. ಫೆಬ್ರವರಿ ಬಂದಿರುತ್ತದೆ, ಯಂತ್ರ ಇನ್ನೂ ಬಂದಿರುವುದಿಲ್ಲ.

ಇದಕ್ಕೆ ದೊಡ್ಡವರು ಒಂದು ದಾರಿ ಹಾಕಿಕೊಟ್ಟಿದ್ದಾರೆ. ಜರ್ಮನಿಯ ಎಂಜಿನಿಯರುಗಳ ಸಂಘ 2004ರಲ್ಲಿ ಹೊರತಂದ ವಿಡಿಐ 2206 ಅನ್ನುವ ಮಾರ್ಗಸೂಚಿ. ಅದರ ಚಿತ್ರ ಇಂಗ್ಲಿಷಿನ 'ವಿ' ಅಕ್ಷರದ ಹಾಗಿದೆ. ಎಡಗಡೆ ಇಳಿಯುವಾಗ ಬೇಡಿಕೆಯಿಂದ ಒಟ್ಟು ಯಂತ್ರ, ಅಲ್ಲಿಂದ ಬಿಡಿ ಭಾಗಗಳು. ಬಲಗಡೆ ಹತ್ತುವಾಗ ಭಾಗಗಳನ್ನು ಜೋಡಿಸುತ್ತಾ, ಪ್ರತಿ ಮೆಟ್ಟಿಲಿನಲ್ಲೂ ಎದುರುಗಡೆಯ ಬೇಡಿಕೆಯ ಜೊತೆ ತಾಳೆ ನೋಡುತ್ತಾ ಹೋಗುವುದು. ಬಹಳ ಜನ ಈ ಚಿತ್ರವನ್ನು ರಿಪೋರ್ಟಿನಲ್ಲಿ ಅಂಟಿಸಿ ಮರೆತುಬಿಡುತ್ತಾರೆ. ನಾನೂ ಮೊದಲು ಹಾಗೇ ಮಾಡಿದ್ದೆ. ಒಂದೇ ಸಲ ಇಳಿದು ಒಂದೇ ಸಲ ಹತ್ತಬೇಕು ಅಂದುಕೊಂಡಿದ್ದೇ ನನ್ನ ತಪ್ಪು. ಮೊದಲ 'ವಿ' ತೀರಾ ಚಿಕ್ಕದಾಗಿರಬೇಕು, ಹದಿನೈದು ದಿನದಲ್ಲಿ ಮುಗಿಯಬೇಕು. ರಟ್ಟು, ಟೇಪು, ಕತ್ತರಿಸಿದ ನೀರಿನ ಬಾಟಲಿ ಏನಾದರೂ ಇರಲಿ. ಪುಡಿ ಬೀಳಬೇಕು, ತೂಕ ಓದಬೇಕು, ಮೋಟಾರ್ ತಾನಾಗಿ ನಿಲ್ಲಬೇಕು. ಕೆಟ್ಟದಾಗಿ ಆದರೂ ಪೂರ್ತಿ ಆಗಬೇಕು. ಆಮೇಲಿನದ್ದೆಲ್ಲ ಸುಧಾರಣೆ.

ಕಾಕು ಹೇಳಿದ ಮೂರು ಮಾತು

"ಕಾಕು, ಮಷೀನು ಹೆಂಗಿರಬೇಕು?" ಅಂತ ಕೇಳಿದ್ದೆ.

"ಲಗೂ ಆಗಬೇಕು. ಕಡಿಮಿ ತೂಗಬಾರದು. ತೊಳ್ಯಾಕ ಬರಬೇಕು."

ಪ್ರಾಜೆಕ್ಟ್ ಶುರುವಿನಲ್ಲಿ ಕೊಡುವ ಸಾರಾಂಶದಲ್ಲಿ, ಅಂದರೆ ಸಿನಾಪ್ಸಿಸ್‌ನಲ್ಲಿ, ಮಕ್ಕಳು "ನಿಖರ ಮತ್ತು ಅಗ್ಗದ ಸ್ವಯಂಚಾಲಿತ ಯಂತ್ರ" ಅಂತ ಬರೆಯುತ್ತಾರೆ. ಅದನ್ನು ಮುಗಿಸಲು ಆಗುವುದೇ ಇಲ್ಲ, ಯಾಕೆಂದರೆ ಎಷ್ಟು ನಿಖರ ಅಂತ ಯಾರೂ ಹೇಳಿಲ್ಲ. ಕಾಕುವಿನ ಮಾತಿಗೆ ಅಂಕಿ ಹಚ್ಚಿದೆ. ಒಂದು ಪೊಟ್ಟಣಕ್ಕೆ 40 ಸೆಕೆಂಡ್. ತೂಕ 200ರಿಂದ 204 ಗ್ರಾಂ ಒಳಗೆ. ಬಿಚ್ಚಿ ತೊಳೆದು ಜೋಡಿಸಲು 10 ನಿಮಿಷ, ಸ್ಪ್ಯಾನರ್ ಇಲ್ಲದೆ. ಈ ಮೂರು ಸಾಲನ್ನು ದೊಡ್ಡದಾಗಿ ಬರೆದು ಗೋಡೆಗೆ ಹಚ್ಚಿದೆ. ಆಮೇಲೆ "ಬ್ಲೂಟೂತ್ ಹಾಕಿದರೆ ಹೆಂಗೆ" ಅಂತ ಆಸೆ ಆದಾಗಲೆಲ್ಲ ಆ ಕಾಗದ ನೋಡುತ್ತಿದ್ದೆ.

ತೂಕದ ವಿಷಯದಲ್ಲಿ ಸರ್ಕಾರದ್ದೂ ಲೆಕ್ಕ ಇದೆ. ಪೊಟ್ಟಣ ಮಾಡಿ ಮಾರುವ ಸರಕಿಗೆ 2011ರ ನಿಯಮಗಳಿವೆ. 200 ಗ್ರಾಂ ಪೊಟ್ಟಣದಲ್ಲಿ 9 ಗ್ರಾಂವರೆಗಿನ ವ್ಯತ್ಯಾಸವನ್ನು ಅವು ಸಹಿಸುತ್ತವೆ, ಆದರೆ ಸರಾಸರಿ ತೂಕ 200ಕ್ಕಿಂತ ಕೆಳಗೆ ಹೋಗಬಾರದು. ಕಾಕುವಿನ ಕಾನೂನು ಅದಕ್ಕಿಂತ ಬಿಗಿ. ಗಿರಾಕಿ ಮನೆಗೆ ಹೋಗಿ ತೂಗಿದರೆ ಮರ್ಯಾದೆ ಏನಾಗಬೇಕು ಅಂತ ಅವರ ವಾದ.

ನೀವು ಯಾವ ಯಂತ್ರ ಮಾಡಿದರೂ ಇಂಥ ಒಬ್ಬ ಕಾಕು ಬೇಕು. ಬಳಸುವವರು ಇಲ್ಲದ ಪ್ರಾಜೆಕ್ಟಿಗೆ ಮುಗಿಯುವ ಜಾಗವೇ ಇರುವುದಿಲ್ಲ.

ರವೆ ಮಾಡಿದ ಮೋಸ

ಯಂತ್ರದ ಹೊಟ್ಟೆ ಹೀಗಿದೆ. ಮೇಲೆ ಹಿಂಡಿ ತುಂಬುವ ಆಲಿಕೆ, ಅಂದರೆ ಹಾಪರ್. ಅದರ ಕೆಳಗೆ ಒಂದು ಪೈಪು. ಪೈಪಿನೊಳಗೆ ಆಗರ್ ಸ್ಕ್ರೂ. ಗಿರಣಿಯಲ್ಲಿ ಕಾಳು ಮುಂದಕ್ಕೆ ತಳ್ಳುವ ಸುರುಳಿ ಇರುತ್ತದಲ್ಲ, ಅದರ ಮರಿ. ಒಂದು ಸುತ್ತು ತಿರುಗಿದರೆ ಒಂದು ಸುರುಳಿಯಷ್ಟು ಪುಡಿ ಹೊರಗೆ ಬೀಳುತ್ತದೆ.

ಎಷ್ಟು ಬೀಳುತ್ತದೆ? ಇದನ್ನು ಕೊಳ್ಳುವ ಮೊದಲೇ ಕಾಗದದ ಮೇಲೆ ಲೆಕ್ಕ ಹಾಕಬೇಕು. ಸ್ಕ್ರೂವಿನ ಹೊರ ವ್ಯಾಸ 30 ಮಿಲಿಮೀಟರ್, ನಡುವಿನ ದಂಡ 10, ಸುರುಳಿಯಿಂದ ಸುರುಳಿಗೆ 30. ಒಂದು ಸುತ್ತಿನ ಜಾಗ ಸುಮಾರು 19 ಘನ ಸೆಂಟಿಮೀಟರ್. ಹಿಂಡಿಯನ್ನು ಅಳತೆ ಲೋಟದಲ್ಲಿ ಹಾಕಿ ತೂಗಿದೆ, ಒಂದು ಘನ ಸೆಂಟಿಮೀಟರಿಗೆ ಹತ್ತಿರ ಹತ್ತಿರ ಅರ್ಧ ಗ್ರಾಂ. ಸುರುಳಿ ಎಂದೂ ಪೂರ್ತಿ ತುಂಬುವುದಿಲ್ಲ, ಮುಕ್ಕಾಲು ಅಂದುಕೊಳ್ಳೋಣ. ಸುತ್ತಿಗೆ ಸುಮಾರು 7 ಗ್ರಾಂ. ನಿಮಿಷಕ್ಕೆ 60 ಸುತ್ತು ಹೊಡೆದರೆ ಸೆಕೆಂಡಿಗೆ 7 ಗ್ರಾಂ, 200 ಗ್ರಾಂಗೆ 29 ಸೆಕೆಂಡ್. 40ರ ಒಳಗೆ ಬಂತು.

ಮೋಟಾರ್ ನೆಮಾ 17 ಅನ್ನುವ ಸ್ಟೆಪ್ಪರ್, ಅಂದರೆ ಹೆಜ್ಜೆ ಹೆಜ್ಜೆಯಾಗಿ ತಿರುಗುವಂಥದ್ದು. 3ಡಿ ಪ್ರಿಂಟರುಗಳಲ್ಲಿ ಇರುವುದು ಇದೇ. ಒಂದು ಸುತ್ತಿಗೆ 200 ಹೆಜ್ಜೆ, ಹೆಜ್ಜೆಗೆ 1.8 ಡಿಗ್ರಿ. ಅಂದರೆ ಒಂದು ಹೆಜ್ಜೆಗೆ 0.035 ಗ್ರಾಂ! ಇಷ್ಟು ಸಣ್ಣ ಅಳತೆ ನೋಡಿ ನಾನು ಹಿಗ್ಗಿಬಿಟ್ಟೆ. ತಕ್ಕಡಿಯೇ ಬೇಡ, ಹೆಜ್ಜೆ ಎಣಿಸಿದರೆ ಸಾಕು ಅಂದುಕೊಂಡೆ. ಮೊದಲ ರಟ್ಟಿನ ಯಂತ್ರದಲ್ಲಿ ರವೆ ಹಾಕಿ ನೋಡಿದೆ, ಯಾಕೆಂದರೆ ಕಾಕುವಿನ ಹಿಂಡಿ ಚೆಲ್ಲಲು ಮನಸ್ಸಾಗಲಿಲ್ಲ. ಅದ್ಭುತವಾಗಿ ಬಂತು. ಒಂದು ತಿಂಗಳು ರವೆಯಲ್ಲೇ ಕಳೆದೆ.

ಆಮೇಲೆ ಹಿಂಡಿ ಹಾಕಿದೆ. ಎರಡು ಪೊಟ್ಟಣ ಸರಿ ಬಂತು. ಮೂರನೆಯದಕ್ಕೆ ಸ್ಕ್ರೂ ತಿರುಗುತ್ತಲೇ ಇತ್ತು, ಏನೂ ಬೀಳಲಿಲ್ಲ. ಮುಚ್ಚಳ ತೆಗೆದು ನೋಡಿದರೆ ಹಾಪರ್ ತುಂಬಾ ಹಿಂಡಿ ಇದೆ, ಬಾಯಿಯ ಮೇಲೆ ಮಾತ್ರ ಒಂದು ಗೂಡು. ಶೇಂಗಾದಲ್ಲಿ ಎಣ್ಣೆ ಇದೆಯಲ್ಲ, ಕಣಕ್ಕೆ ಕಣ ಅಂಟಿ ಕಮಾನು ಕಟ್ಟಿತ್ತು. ನಮ್ಮ ವಿಜಯಪುರದ ಗೋಲಗುಮ್ಮಟ ನಡುವೆ ಕಂಬವಿಲ್ಲದೆ ನಿಂತ ಹಾಗೇ, ಭಾರವನ್ನೆಲ್ಲ ಪಕ್ಕದ ಗೋಡೆಗೆ ದಾಟಿಸಿ ಹಿಂಡಿಯೂ ನಿಂತಿತ್ತು. ಮಳೆಗಾಲದಲ್ಲಂತೂ ಇದು ಇನ್ನೂ ಜಾಸ್ತಿ.

ಹೆಜ್ಜೆ 0.035 ಗ್ರಾಂ ಆದರೇನು, ಸುರುಳಿ ಖಾಲಿ ಇದ್ದರೆ ಸೊನ್ನೆ. ಮೋಟಾರಿನ ಸೂಕ್ಷ್ಮತೆ ಬೇರೆ, ಯಂತ್ರದ ನಿಖರತೆ ಬೇರೆ.

ಹಾಪರ್ ಗೋಡೆಯನ್ನು ಇನ್ನಷ್ಟು ಕಡಿದಾಗಿ ಮಾಡಿದೆ. ಅಲುಗಾಡಿಸಲು ಒಂದು ವೈಬ್ರೇಟರ್ ಮೋಟಾರ್ ಹಚ್ಚಿದೆ. ಹಿಂಡಿ ಇಳಿಯಿತು, ಆದರೆ ತಕ್ಕಡಿ ಹುಚ್ಚೆದ್ದು ಕುಣಿಯಿತು, ಎರಡೂ ಒಂದೇ ಚೌಕಟ್ಟಿನ ಮೇಲೆ ಇದ್ದವಲ್ಲ. ಕೊನೆಗೆ ವೈಬ್ರೇಟರ್ ಕಿತ್ತುಹಾಕಿ, ಸ್ಕ್ರೂವಿನ ದಂಡಕ್ಕೇ ಬಗ್ಗಿಸಿದ ಒಂದು ಸ್ಟೀಲ್ ತಂತಿ ಬೆಸೆಸಿದೆ. ಸ್ಕ್ರೂ ತಿರುಗಿದಾಗ ಅದು ಹಾಪರ್ ಒಳಗೆ ಬೆರಳಾಡಿಸಿದ ಹಾಗೆ ಕಲಕುತ್ತದೆ. ಬೇರೆ ಮೋಟಾರ್ ಇಲ್ಲ, ಬೇರೆ ವೈರ್ ಇಲ್ಲ.

ಸ್ಕ್ರೂ ಮಾಡಿಕೊಟ್ಟದ್ದು ಭೋಸರಿ ಎಂಐಡಿಸಿಯ, ಅಂದರೆ ಕೈಗಾರಿಕಾ ವಸಾಹತಿನ, ಒಂದು ಸಣ್ಣ ಶೆಡ್‌ನಲ್ಲಿ. ತಿನ್ನುವ ವಸ್ತು ಮುಟ್ಟುವ ಭಾಗವಾದ್ದರಿಂದ ಎಸ್‌ಎಸ್ 304 ಅನ್ನುವ, ಸುಲಭಕ್ಕೆ ತುಕ್ಕು ಹಿಡಿಯದ ಸ್ಟೀಲೇ ಬೇಕಿತ್ತು. 3ಡಿ ಪ್ರಿಂಟ್ ಮಾಡಿದ ಪ್ಲಾಸ್ಟಿಕ್ಕಿನ ಪದರಗಳ ಸಂದಿಯಲ್ಲಿ ಎಣ್ಣೆ ಕೂತರೆ ತೊಳೆಯಲು ಬರುವುದಿಲ್ಲ. ಲೇತ್ ಮೇಸ್ತ್ರಿ ಅಫಜಲಪುರ ಕಡೆಯವರು. ನನ್ನ ಡ್ರಾಯಿಂಗ್ ನೋಡಿ ನಕ್ಕರು. "30ರ ಪೈಪಿನ್ಯಾಗ 30ರ ಸ್ಕ್ರೂ ಹೆಂಗ ತಿರಗತೈತೋ ತಮ್ಮಾ? ಗಾಳಿ ಬಿಡು." ಕಂಪ್ಯೂಟರಿನಲ್ಲಿ ಅದು ಸರಾಗವಾಗಿ ತಿರುಗಿತ್ತು! ಪೈಪಿನ ಒಳವ್ಯಾಸ 32 ಮಾಡಿದೆವು.

ಐದು ಮೈಕ್ರೋವೋಲ್ಟ್

ತೂಕ ಅಳೆಯುವುದು ಲೋಡ್ ಸೆಲ್. ನೋಡಲು ಒಂದು ಅಲ್ಯೂಮಿನಿಯಂ ತುಂಡು, ನಡುವೆ ತೂತು. ಒಂದು ತುದಿಯನ್ನು ಬಿಗಿದು ಇನ್ನೊಂದು ತುದಿಗೆ ಭಾರ ಇಟ್ಟರೆ ಕಣ್ಣಿಗೆ ಕಾಣದಷ್ಟು ಬಗ್ಗುತ್ತದೆ. ಅದರ ಮೈಗೆ ಸ್ಟ್ರೇನ್ ಗೇಜ್ ಅನ್ನುವ ತೆಳು ಪಟ್ಟಿಗಳನ್ನು ಅಂಟಿಸಿರುತ್ತಾರೆ, ಅವು ಕರೆಂಟಿಗೆ ಒಡ್ಡುವ ರೋಧ ಆಗ ಚೂರು ಬದಲಾಗುತ್ತದೆ. ನಾಲ್ಕನ್ನು ವೀಟ್‌ಸ್ಟನ್ ಬ್ರಿಡ್ಜ್ ಅನ್ನುವ ಚೌಕದ ಹಾಗೆ ಜೋಡಿಸಿದರೆ ಆ ಬದಲಾವಣೆ ವೋಲ್ಟೇಜಾಗಿ ಸಿಗುತ್ತದೆ.

ಎಷ್ಟು ವೋಲ್ಟೇಜ್? ನಾನು ತಂದ 1 ಕಿಲೋ ಸೆಲ್‌ಗೆ 5 ವೋಲ್ಟ್ ಕೊಟ್ಟರೆ, ಪೂರ್ತಿ ಭಾರಕ್ಕೆ ಸುಮಾರು 5 ಮಿಲಿವೋಲ್ಟ್. ಅಂದರೆ ಒಂದು ಗ್ರಾಂಗೆ 5 ಮೈಕ್ರೋವೋಲ್ಟ್. ಟಾರ್ಚಿನ ಒಂದು ಸೆಲ್‌ನ 1.5 ವೋಲ್ಟನ್ನು ಮೂರು ಲಕ್ಷ ಪಾಲು ಮಾಡಿ ಅದರಲ್ಲಿ ಒಂದು ಪಾಲು ತೆಗೆದುಕೊಳ್ಳಿ, ಅಷ್ಟು. ಅದನ್ನು ಹಿಗ್ಗಿಸಿ ಅಂಕಿ ಮಾಡಿಕೊಡಲು ಎಚ್‌ಎಕ್ಸ್ 711 ಅನ್ನುವ ಚಿಪ್ ಇದೆ. 24 ಬಿಟ್, ಸೆಕೆಂಡಿಗೆ 10 ಅಥವಾ 80 ಸಲ ಓದುತ್ತದೆ.

ಈ 5 ಮೈಕ್ರೋವೋಲ್ಟ್ ಹೊತ್ತ ವೈರಿನ ಪಕ್ಕದಲ್ಲೇ ಮೋಟಾರಿನ ಒಂದು ಆಂಪಿಯರ್ ಮೇಲಿನ ಕರೆಂಟ್ ಸೆಕೆಂಡಿಗೆ ನೂರಾರು ಸಲ ಹತ್ತಿ ಇಳಿಯುತ್ತಿರುತ್ತದೆ. ತೇರಿನ ಡೊಳ್ಳಿನ ಪಕ್ಕ ನಿಂತು ಗುಟ್ಟು ಹೇಳಿದ ಹಾಗೆ. ಹಾಗಾಗಿ ಸೆಲ್‌ನ ವೈರುಗಳನ್ನು ಹೆಣೆದು ಮೋಟಾರಿನಿಂದ ದೂರ ಎಳೆಯಬೇಕು. ಎಚ್‌ಎಕ್ಸ್ 711 ಸೆಲ್‌ಗೆ ಹತ್ತಿರ ಇರಬೇಕು. ಮೋಟಾರಿನ ಗ್ರೌಂಡ್ (ಕರೆಂಟ್ ವಾಪಸ್ ಬರುವ ವೈರ್) ಮತ್ತು ಸೆನ್ಸರಿನ ಗ್ರೌಂಡ್ ಬೇರೆ ಬೇರೆ ದಾರಿಯಲ್ಲಿ ಬಂದು ಪವರ್ ಸಪ್ಲೈ ಹತ್ತಿರ ಒಂದೇ ಕಡೆ ಕೂಡಬೇಕು. ಮೋಟಾರಿಗೆ ಕರೆಂಟ್ ಹಂಚುವ ಪುಟ್ಟ ಬೋರ್ಡಿಗೆ ಡ್ರೈವರ್ ಅನ್ನುತ್ತಾರೆ. ಅದರ ಪಕ್ಕ, ವೋಲ್ಟೇಜಿನ ಏರಿಳಿತ ತಡೆಯುವ 100 ಮೈಕ್ರೋಫ್ಯಾರಡ್ ಕೆಪಾಸಿಟರ್ ಮರೆಯಬೇಡಿ.

ಡ್ರೈವರ್ ಬಗ್ಗೆ ಇನ್ನೊಂದು ಮಾತು. ನಾನು ಬಳಸಿದ್ದು ಎ 4988. ಆ ಬೋರ್ಡಿಗೆ ಕರೆಂಟ್ ಇರುವಾಗ ಮೋಟಾರಿನ ವೈರ್ ಕೀಳಬೇಡಿ. ಸುಟ್ಟುಹೋಗುತ್ತದೆ. ನಾನು ಎರಡು ಸುಟ್ಟೆ. ಎರಡನೆಯದು ಸುಮ್ನೆ ಅವಸರಕ್ಕೆ.

ಹಾಲು ಕಾಯಿಸುವ ಕೋಡ್

ಕೋಡ್ ಓಡುವುದು ಆರ್ಡುಯಿನೋ ಉನೋ ಅನ್ನುವ ಪುಟ್ಟ ಕಂಪ್ಯೂಟರ್ ಬೋರ್ಡಿನ ಮೇಲೆ. 16 ಮೆಗಾಹರ್ಟ್ಸ್, 2 ಕಿಲೋಬೈಟ್ ರ್‍ಯಾಮ್. ಹಿಂಡಿ ತೂಗಲು ಧಾರಾಳ ಸಾಕು.

ನನ್ನ ಮೊದಲ ಪ್ರೋಗ್ರಾಂ ಹೀಗಿತ್ತು: ಮೋಟಾರಿಗೆ ನಾಲ್ಕು ಹೆಜ್ಜೆ ಹಾಕಿಸು, ತೂಕ ಓದು, ಮತ್ತೆ ನಾಲ್ಕು ಹೆಜ್ಜೆ. ಮೋಟಾರ್ ಬಿಕ್ಕಳಿಸುತ್ತಿತ್ತು. ಮೋಟಾರ್ ಕೆಟ್ಟಿದೆ ಅಂತ ಹೊಸದು ತಂದೆ. ಅದೂ ಬಿಕ್ಕಳಿಸಿತು. ಕಾರಣ ಕೋಡಿನಲ್ಲಿತ್ತು. ಹತ್ತು ಓದಿನ ಸರಾಸರಿ ಕೊಡು ಅಂತ ಕೇಳಿದ್ದೆ. ಸೆಕೆಂಡಿಗೆ 10 ಓದುವ ಚಿಪ್ ಹತ್ತು ಓದಲು ಪೂರಾ ಒಂದು ಸೆಕೆಂಡ್ ತೆಗೆದುಕೊಳ್ಳುತ್ತದೆ. ಅಷ್ಟೂ ಹೊತ್ತು ಪ್ರೋಗ್ರಾಂ ಅಲ್ಲೇ ಕಾಯುತ್ತಾ ನಿಂತಿರುತ್ತದೆ, ಮೋಟಾರಿಗೆ ಹೆಜ್ಜೆ ಹೇಳುವವರಿಲ್ಲ.

ಹಾಲು ಉಕ್ಕುತ್ತದಾ ಅಂತ ಒಲೆ ಮುಂದೆಯೇ ನಿಂತರೆ ಬೇರೆ ಕೆಲಸ ಆಗುವುದಿಲ್ಲ. ಅಡುಗೆ ಗೊತ್ತಿರುವವರು ಹೆರೆಯುತ್ತಾ, ಹೆಚ್ಚುತ್ತಾ, ಆಗಾಗ ಒಂದು ಕಣ್ಣು ಹಾಲಿನ ಮೇಲೆ ಇಡುತ್ತಾರೆ. ಪ್ರೋಗ್ರಾಮೂ ಹಾಗೇ ಇರಬೇಕು. ಮೋಟಾರಿನ ಹೆಜ್ಜೆಯನ್ನು ಟೈಮರ್ ಇಂಟರಪ್ಟ್‌ಗೆ, ಅಂದರೆ ಹೊತ್ತು ಹೊತ್ತಿಗೆ ಬೇರೆ ಕೆಲಸ ತಡೆದು ಎಚ್ಚರಿಸುವ ಚಿಪ್‌ನೊಳಗಿನ ಗಂಟೆಗೆ ಒಪ್ಪಿಸಿದೆ, ಗಡಿಯಾರದ ಹಾಗೆ ತಪ್ಪದೆ ಬೀಳುತ್ತದೆ. ತಕ್ಕಡಿಯಲ್ಲಿ ಹೊಸ ಓದು ಬಂದಿದೆಯಾ ಅಂತ ಮಾತ್ರ ನೋಡುವುದು, ಬಂದಿದ್ದರೆ ತೆಗೆದುಕೊಳ್ಳುವುದು, ಇಲ್ಲದಿದ್ದರೆ ಮುಂದೆ ಹೋಗುವುದು. ಕೊನೆಯ ಹತ್ತು ಓದಿನ ಸರಾಸರಿ ಇಟ್ಟುಕೊಂಡು ಇಡೀ ಕೆಲಸವನ್ನು ಸ್ಥಿತಿಗಳಾಗಿ ಒಡೆದೆ: ಖಾಲಿ, ಜೋರು ತುಂಬು, ನಿಧಾನ ತುಂಬು, ನೆಲೆಗೊಳ್ಳು, ಮುಗಿಯಿತು, ದೋಷ. ಯಂತ್ರ ಯಾವಾಗಲೂ ಇವುಗಳಲ್ಲಿ ಒಂದರಲ್ಲೇ ಇರುತ್ತದೆ. ಒಂದರಿಂದ ಇನ್ನೊಂದಕ್ಕೆ ಹೋಗಲು ಕಾರಣ ಬರೆದಿರಬೇಕು. ಈ ಚಿತ್ರವನ್ನು ಕೋಡಿಗೆ ಮೊದಲೇ ಕಾಗದದಲ್ಲಿ ಬಿಡಿಸಿ. ರಾತ್ರಿ ಎರಡು ಗಂಟೆಗೆ ಕೋಡ್ ನೋಡಿದರೆ ತಲೆ ತಿರುಗುತ್ತದೆ, ಚಿತ್ರ ನೋಡಿದರೆ ತಿರುಗುವುದಿಲ್ಲ.

ಮೋಟಾರ್ ಸರಾಗವಾಯಿತು. ಆಗ ಹೊಸ ಕಾಟ ಶುರುವಾಯಿತು. ಪ್ರತಿ ಪೊಟ್ಟಣವೂ 3-4 ಗ್ರಾಂ ಜಾಸ್ತಿ. 4 ಗ್ರಾಂ ಅಂದರೆ ನೂರು ಪೊಟ್ಟಣಕ್ಕೆ ಎರಡು ಪೊಟ್ಟಣ ಪುಕ್ಕಟೆ.

ನನಗೆ ಉತ್ತರ ತಕ್ಷಣ ಹೊಳೆಯಿತು, ತಪ್ಪು ಉತ್ತರ. ಮೋಟಾರ್ ನಿಂತಾಗ ಒಂದಿಷ್ಟು ಪುಡಿ ಇನ್ನೂ ಗಾಳಿಯಲ್ಲಿ ಇರುತ್ತದಲ್ಲ, ಅದೇ ಜಾಸ್ತಿ ಬೀಳುವುದು ಅಂದುಕೊಂಡೆ. ಲೆಕ್ಕ ಹಾಕಿದೆ. ಪೈಪಿನ ಬಾಯಿಂದ ಪೊಟ್ಟಣದ ತಳಕ್ಕೆ 15 ಸೆಂಟಿಮೀಟರ್, ಬೀಳಲು 0.17 ಸೆಕೆಂಡ್. ಸೆಕೆಂಡಿಗೆ 7 ಗ್ರಾಂ ಲೆಕ್ಕದಲ್ಲಿ ಗಾಳಿಯಲ್ಲಿ ಇರುವುದು 1.2 ಗ್ರಾಂ. ಉಳಿದ ಗ್ರಾಂಗಳು ಎಲ್ಲಿಂದ ಬಂದವು?

ಇನ್ನೂ ಮಜಾ ಇದೆ. ಬೀಳುವ ಪುಡಿ ತಕ್ಕಡಿಯನ್ನು ತಟ್ಟುತ್ತದೆ. 15 ಸೆಂಟಿಮೀಟರ್ ಬಿದ್ದ ಪುಡಿಯ ವೇಗ ಸೆಕೆಂಡಿಗೆ 1.7 ಮೀಟರ್. ಸೆಕೆಂಡಿಗೆ 7 ಗ್ರಾಂ ಆ ವೇಗದಲ್ಲಿ ಬಡಿದರೆ ಆಗುವ ಒತ್ತಡ ಎಷ್ಟು ಗೊತ್ತಾ? ಸರಿಯಾಗಿ 1.2 ಗ್ರಾಂ ತೂಕದಷ್ಟು. ಅಂದರೆ ಗಾಳಿಯಲ್ಲಿರುವ ಪುಡಿಯ ತೂಕವನ್ನು ತಕ್ಕಡಿ ಆಗಲೇ ತೋರಿಸುತ್ತಿರುತ್ತದೆ, ಬೀಳುವ ಏಟಿನ ರೂಪದಲ್ಲಿ! ಹರಿವು ಒಂದೇ ಸಮ ಇದ್ದಾಗ ಎರಡೂ ಸರಿಹೋಗುತ್ತವೆ. ಭೌತಶಾಸ್ತ್ರದ ಕ್ಲಾಸಿನಲ್ಲಿ ಈ ಲೆಕ್ಕ ಮಾಡಿದ್ದೆ, ಹಿಂಡಿಯಲ್ಲಿ ಮತ್ತೆ ಸಿಗುತ್ತದೆ ಅಂದುಕೊಂಡಿರಲಿಲ್ಲ.

ನಿಜವಾದ ಕಳ್ಳ ಸರಾಸರಿ. ಹತ್ತು ಓದಿನ ಸರಾಸರಿ ಅಂದರೆ ಹಿಂದಿನ ಒಂದು ಸೆಕೆಂಡಿನ ಕತೆ. ಅದು ಹೇಳುವುದು ಸುಮಾರು ಅರ್ಧ ಸೆಕೆಂಡ್ ಹಳೆಯ ತೂಕ. ಅರ್ಧ ಸೆಕೆಂಡಿಗೆ 7 ಗ್ರಾಂ ಲೆಕ್ಕದಲ್ಲಿ 3.5 ಗ್ರಾಂ. ಸಿಕ್ಕಿಬಿತ್ತು. ತೂಕ ಅಲುಗಾಡಬಾರದು ಅಂತ ನಾನೇ ಹಾಕಿದ ಸರಾಸರಿ, ಸುದ್ದಿಯನ್ನು ತಡವಾಗಿ ತರುತ್ತಿತ್ತು.

ಓದುವ ವೇಗವನ್ನು 80ಕ್ಕೆ ಏರಿಸಬಹುದು, ಆಗ ಅಲುಗಾಟ ಜಾಸ್ತಿ. ನಾನು ಕಿರಾಣಿ ಅಂಗಡಿಯವರ ದಾರಿ ಹಿಡಿದೆ. ಅವರು ಸಕ್ಕರೆಯನ್ನು ಮೊದಲು ಸುರಿದು, ಕೊನೆಗೆ ಚೀಲ ಅಲ್ಲಾಡಿಸಿ ಚೂರು ಚೂರೇ ಬೀಳಿಸುತ್ತಾರಲ್ಲ. 185 ಗ್ರಾಂವರೆಗೆ ನಿಮಿಷಕ್ಕೆ 60 ಸುತ್ತು, ಆಮೇಲೆ 10 ಸುತ್ತು. ನಿಧಾನದಲ್ಲಿ ಅರ್ಧ ಸೆಕೆಂಡಿಗೆ ಬೀಳುವುದು ಅರ್ಧ ಗ್ರಾಂ ಚಿಲ್ಲರೆ. ಒಟ್ಟು ಸಮಯ 39 ಸೆಕೆಂಡ್. ಗೋಡೆಯ ಮೇಲಿನ 40ಕ್ಕೆ ಒಂದು ಸೆಕೆಂಡ್ ಉಳಿಯಿತು.

ಒಂದು ಸ್ಕ್ರೂ ತಿರುಗಿಸಿದ್ದಕ್ಕೆ

ಡಿಸೆಂಬರಿನಲ್ಲಿ ಯಂತ್ರ ಚೆನ್ನಾಗಿ ಓಡುತ್ತಿತ್ತು. ಆದರೆ ಒಂದು ತಾಸು ಓಡಿದ ಮೇಲೆ ತೂಕ ಎಡವಟ್ಟಾಗುತ್ತಿತ್ತು. ಮರುದಿನ ಬೆಳಗ್ಗೆ ಮತ್ತೆ ಸರಿ. ಎರಡು ವಾರ ಕೋಡಿನಲ್ಲಿ ಹುಡುಕಿದೆ.

ಆದದ್ದು ಇಷ್ಟು. ಮೋಟಾರಿನ ಬಲ ಸಾಲದು ಅಂತ ಡ್ರೈವರ್ ಮೇಲಿನ ಪುಟ್ಟ ಸ್ಕ್ರೂ ತಿರುಗಿಸಿ ಕರೆಂಟ್ ಹೆಚ್ಚಿಸಿದ್ದೆ. ಸ್ಟೆಪ್ಪರ್ ಮೋಟಾರ್ ನಿಂತಿದ್ದಾಗಲೂ ಕರೆಂಟ್ ಕುಡಿಯುತ್ತಲೇ ಇರುತ್ತದೆ. ಅದರ ಮೈ 70 ಡಿಗ್ರಿ ದಾಟಿದರೂ ಅದಕ್ಕೇನೂ ಆಗದು. ಆದರೆ ಅದನ್ನು ಹಿಡಿದಿದ್ದ ಬ್ರ್ಯಾಕೆಟ್ 3ಡಿ ಪ್ರಿಂಟಿನದು, ಪಿಎಲ್‌ಎ ಪ್ಲಾಸ್ಟಿಕ್. ಅದು 60 ಡಿಗ್ರಿ ಆಸುಪಾಸಿನಲ್ಲೇ ಮೆತ್ತಗಾಗುತ್ತದೆ. ಬ್ರ್ಯಾಕೆಟ್ ಕೂದಲೆಳೆಯಷ್ಟು ಬಾಗಿತು. ಆಗರ್ ಸ್ಕ್ರೂ ಪೈಪಿಗೆ ಉಜ್ಜಿತು. ಮೋಟಾರ್ ಹೆಜ್ಜೆ ತಪ್ಪಿತು. ಹೆಜ್ಜೆ ತಪ್ಪಿದ್ದು ಕೋಡಿಗೆ ಗೊತ್ತೇ ಆಗಲಿಲ್ಲ, ಯಾಕೆಂದರೆ ಸ್ಟೆಪ್ಪರ್‌ಗೆ ಹೇಳುವುದಷ್ಟೇ ನಮ್ಮ ಕೆಲಸ, ಅದು ಮಾಡಿತಾ ಅಂತ ವಾಪಸ್ ಸುದ್ದಿ ಬರುವುದಿಲ್ಲ.

ಕರೆಂಟಿನ ತಪ್ಪು ಶಾಖವಾಯಿತು, ಶಾಖ ಬಾಗುವಿಕೆಯಾಯಿತು, ಬಾಗುವಿಕೆ ತೂಕದಲ್ಲಿ ಕಾಣಿಸಿತು, ನಾನು ಹುಡುಕಿದ್ದು ಕೋಡಿನಲ್ಲಿ. ಸಂದು ಅಂತ ಹೇಳಿದೆನಲ್ಲ, ಇದು ಅದೇ. ಬ್ರ್ಯಾಕೆಟ್ ಜಾಗಕ್ಕೆ ಅಲ್ಯೂಮಿನಿಯಂ ಕೋನ ಹಾಕಿದೆ. ಯಂತ್ರ ಕೆಲಸವಿಲ್ಲದೆ ಇರುವಾಗ ಮೋಟಾರಿನ ಕರೆಂಟ್ ಬಂದ್ ಮಾಡಿಸಿದೆ.

ಕೋಡಿಗೆ ಒಂದು ಸಾಲು ಸೇರಿಸಿದೆ: ಮೋಟಾರ್ ಓಡುತ್ತಿದ್ದು ಎರಡು ಸೆಕೆಂಡ್ ತೂಕ ಏರದಿದ್ದರೆ ನಿಲ್ಲು, ಕೂಗು. ಈ ಒಂದು ಸಾಲು ಹಾಪರ್ ಖಾಲಿಯಾದರೂ ಹಿಡಿಯುತ್ತದೆ, ಹಿಂಡಿ ಕಮಾನು ಕಟ್ಟಿದರೂ, ವೈರ್ ಕಿತ್ತರೂ, ಹೆಜ್ಜೆ ತಪ್ಪಿದರೂ ಹಿಡಿಯುತ್ತದೆ. ಇಡೀ ಪ್ರಾಜೆಕ್ಟಿನಲ್ಲಿ ನನಗೆ ಹೆಮ್ಮೆ ಇರುವ ಸಾಲು ಇದೊಂದೇ.

ಒಬ್ಬರೇ ಇರುವಾಗ ಡೈರಿ ಇಡಿ. ತಾರೀಖು, ಏನು ಬದಲಿಸಿದೆ, ಏನಾಯಿತು. ಒಂದು ಸಲಕ್ಕೆ ಒಂದೇ ಬದಲಾವಣೆ. ಡ್ರೈವರಿನ ಸ್ಕ್ರೂ ತಿರುಗಿಸಿದ ತಾರೀಖು ನಾನು ಬರೆದಿದ್ದರೆ ಆ ಎರಡು ವಾರ ಉಳಿಯುತ್ತಿತ್ತು.

ಪೇಟೆ, ಹಬ್ಬ, ಬ್ಲ್ಯಾಕ್ ಬುಕ್

ಸಾಮಾನು ಪುಣೆಯಲ್ಲಿ ಬುಧವಾರ ಪೇಟೆಯ ತಾಪಕೀರ್ ಗಲ್ಲಿಯಲ್ಲಿ ಸಿಗುತ್ತದೆ. ಮುಂಬೈಯವರಿಗೆ ಲ್ಯಾಮಿಂಗ್ಟನ್ ರೋಡ್ ಇದೆ. ಹಳೆ ಬೇರಿಂಗ್, ಕಬ್ಬಿಣದ ಕೋನ ಬೇಕಾದರೆ ಪುಣೆಯಲ್ಲಿ ಬುಧವಾರ, ಭಾನುವಾರ ಸೇರುವ ಹಳೆ ಸಾಮಾನಿನ ಜೂನಾ ಬಜಾರ್ ಸುತ್ತಿ ಬನ್ನಿ. ಡ್ರೈವರಿನಂಥ ಸುಟ್ಟುಹೋಗುವ ವಸ್ತುಗಳನ್ನು ಎರಡೆರಡು ತನ್ನಿ. ದಗಡೂಶೇಠ್ ಗಣಪತಿ ದೇವಸ್ಥಾನ ಇರುವುದು ಅದೇ ಬುಧವಾರ ಪೇಟೆಯಲ್ಲಿ, ಗಣೇಶ ಹಬ್ಬದ ಹತ್ತು ದಿನ ಆ ರಸ್ತೆಗಳಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ದೀಪಾವಳಿಗೆ ಲೇತ್ ಮೇಸ್ತ್ರಿಗಳೆಲ್ಲ ಊರಿಗೆ ಹೋಗಿರುತ್ತಾರೆ. ಇವೆರಡನ್ನು ಪಂಚಾಂಗ ನೋಡಿ ಮೊದಲೇ ಲೆಕ್ಕಕ್ಕೆ ಹಿಡಿಯಿರಿ. ಜನವರಿ ಆದ ಮೇಲೆ ಹೊಸದೇನೂ ಸೇರಿಸಬೇಡಿ.

ದುಡ್ಡು ಕೊಟ್ಟರೆ ತಯಾರು ಪ್ರಾಜೆಕ್ಟೂ ಸಿಗುತ್ತದೆ, ರಿಪೋರ್ಟ್ ಸಮೇತ. ಅದರ ಬಗ್ಗೆ ನನಗೆ ಹೇಳಲು ಹೆಚ್ಚೇನಿಲ್ಲ. ವೈವಾದಲ್ಲಿ, ಅಂದರೆ ಬಾಯಿಪರೀಕ್ಷೆಯಲ್ಲಿ, "ಈ ಕೆಪಾಸಿಟರ್ ಯಾಕೆ?" ಅಂದರೆ ಸಾಕು, ಬಣ್ಣ ಬಯಲಾಗುತ್ತದೆ.

ಪರೀಕ್ಷೆ ಮಾತ್ರ ಗಂಭೀರವಾಗಿ ಮಾಡಿ. ಮೂರು ಪೊಟ್ಟಣ ತೂಗಿ "ಕೆಲಸ ಮಾಡುತ್ತದೆ" ಅಂತ ಬರೆದರೆ ಆಗಲ್ಲ. ಕಡೇ ಪಕ್ಷ ಮೂವತ್ತು ತೂಗಿ, ಬೇರೆ ತಕ್ಕಡಿಯಲ್ಲಿ. ಎರಡು ವಿಷಯ ನೋಡಿ. ಸರಾಸರಿ ಎಲ್ಲಿದೆ, ಮತ್ತು ಅಂಕಿಗಳು ಅದರ ಸುತ್ತ ಎಷ್ಟು ಚೆದುರಿವೆ. ಸರಾಸರಿ 2 ಗ್ರಾಂ ಜಾಸ್ತಿ ಇದ್ದರೆ ಕೋಡಿನಲ್ಲಿ ಒಂದು ಅಂಕಿ ಬದಲಿಸಿದರೆ ಆಯಿತು. ಚೆದುರುವಿಕೆ ಜಾಸ್ತಿ ಇದ್ದರೆ ಕೋಡ್ ಏನೂ ಮಾಡಲಾಗದು, ಹಾಪರ್ ಮತ್ತು ಸ್ಕ್ರೂ ಹತ್ತಿರ ಹೋಗಬೇಕು. ಬೆಳಗ್ಗೆ ಹತ್ತು, ಯಂತ್ರ ಬಿಸಿಯಾದ ಮೇಲೆ ಹತ್ತು, ಹಾಪರ್ ತಳ ಕಾಣುವಾಗ ಹತ್ತು ಅಂತ ಹಂಚಿಕೊಂಡರೆ ಇನ್ನೂ ಒಳ್ಳೆಯದು.

ಕೊನೆಗೆ ಕಾಲೇಜಿಗೆ ಕೊಡುವ ಪ್ರಾಜೆಕ್ಟ್ ರಿಪೋರ್ಟಿಗೆ ಬ್ಲ್ಯಾಕ್ ಬುಕ್ ಅನ್ನುತ್ತಾರೆ. ಅದರಲ್ಲಿ ಬೇಡಿಕೆಯ ಆ ಮೂರು ಸಾಲನ್ನು ಮೊದಲ ಪುಟದಲ್ಲೂ, ಅವುಗಳ ಫಲಿತಾಂಶವನ್ನು ಕೊನೆಯಲ್ಲೂ ಹಾಕಿದೆ. ಸಮಯ: ಆಯಿತು. ತೂಕ: ಆಯಿತು. ತೊಳೆಯುವುದು: ಆಗಲಿಲ್ಲ. ಕಾಕುವಿಗೆ ಸ್ಪ್ಯಾನರ್ ಬೇಕಾಯಿತು, ಅರ್ಧ ತಾಸು ಹಿಡಿಯಿತು. ಗೈಡ್ ಆ ಸಾಲು ತೆಗೆಯುವುದು ಒಳ್ಳೆಯದು ಅಂದರು. ನಾನು ತೆಗೆಯಲಿಲ್ಲ.

ವೈವಾದಲ್ಲಿ ಎಕ್ಸ್‌ಟರ್ನಲ್ ಸರ್, ಅಂದರೆ ಹೊರಗಿನಿಂದ ಬಂದ ಪರೀಕ್ಷಕರು, ಯಂತ್ರ ಓಡಿಸಿ ನೋಡಿದರು. ನಡುವೆ ಸುಮ್ನೆ ಪ್ಲಗ್ ಕಿತ್ತರು. ಮತ್ತೆ ಹಾಕಿದರು. "ಈಗ ಏನು ಮಾಡುತ್ತದೆ?" ಯಂತ್ರ ಖಾಲಿ ಸ್ಥಿತಿಯಲ್ಲಿ ಎದ್ದು, ಅರ್ಧ ತುಂಬಿದ ಪೊಟ್ಟಣ ತೆಗೆಯುವವರೆಗೂ ಮೋಟಾರ್ ತಿರುಗಿಸಲಿಲ್ಲ. ಅವರು ತಲೆಯಾಡಿಸಿ ನೇರ ಕೊನೆಯ ಪುಟಕ್ಕೆ ಹೋದರು. ಮುಂದಿನ ಇಪ್ಪತ್ತು ನಿಮಿಷ ಮಾತಾಡಿದ್ದು ಪೂರಾ ತೊಳೆಯುವ ಬಗ್ಗೆಯೇ. ಬೇರಿಂಗ್ ಕವಚ ಎಲ್ಲಿಂದ ಬಿಚ್ಚುತ್ತದೆ, ಸ್ಕ್ರೂ ಮುಂದಿನಿಂದ ಯಾಕೆ ಬರುವುದಿಲ್ಲ ಅಂತ ಪೆನ್ಸಿಲ್ ತೆಗೆದುಕೊಂಡು ನನ್ನ ಡ್ರಾಯಿಂಗ್ ಮೇಲೆಯೇ ಗೀಚಿದರು.

ಆ ಗೀಟಿನ ಪ್ರಕಾರ ಮೇ ತಿಂಗಳಲ್ಲಿ ಮುಂದಿನ ತಟ್ಟೆ ಬದಲಿಸಿದೆ. ಈಗ ಅಲ್ಲಿ ಕೈಯಲ್ಲೇ ತಿರುಗಿಸುವ ಎರಡು ವಿಂಗ್ ನಟ್ ಇವೆ. ಕಾಕು ಆರು ನಿಮಿಷದಲ್ಲಿ ತೊಳೆದಿಡುತ್ತಾರೆ. ಅಗಸಿ ಹಿಂಡಿಗೆ ಮಾತ್ರ ಇನ್ನೂ ಚಮಚವೇ, ಅದು ಆ ಸುರುಳಿಯಲ್ಲಿ ಇಳಿಯುವುದಿಲ್ಲ.